ಕಾರಿನ ಪಾಪ ಬಿಲ್ಲಿನ ತಲೆಗೆ

ಅಮೆರಿಕದಲ್ಲಿ ಅಕ್ಟೋಬರ್ ಹುಟ್ಟಿತೆಂದರೆ ಎರಡು ಸುದ್ದಿಗಳು ತಪ್ಪದೆ ಬರುತ್ತವೆ. ಬಿಲ್ಲುಬೇಟೆಯ ಕಾಲ ಶುರುವಾಗಿದೆ ಎಂಬುದು ಒಂದು. ರಸ್ತೆಗಳಲ್ಲಿ ಜಿಂಕೆಗಳ ಓಡಾಟ ಹೆಚ್ಚಿದೆ, ವಾಹನ ಓಡಿಸುವವರು ಮೈಯೆಲ್ಲ ಕಣ್ಣಾಗಿರಬೇಕು ಎಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಎರಡನ್ನೂ ಒಟ್ಟಿಗೆ ಕೇಳಿದವರ ತಲೆಯಲ್ಲಿ ಮೂರನೆಯದೊಂದು ಸುದ್ದಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ: ಬೇಟೆಗಾರರು ಕಾಡಿಗೆ ನುಗ್ಗಿದ್ದಾರೆ, ಬೆದರಿದ ಜಿಂಕೆಗಳು ದಿಕ್ಕೆಟ್ಟು ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತಿವೆ. ಬೇಟೆ ವಿರೋಧಿಗಳು ಇದನ್ನು ಬಾಯಿಬಿಟ್ಟು ಹೇಳುತ್ತಾರೆ. ಟೀವಿಯವರು ಹೇಳದೆಯೇ ಹೇಳುತ್ತಾರೆ. ನ್ಯೂಜೆರ್ಸಿಯಿಂದ ಮಿಶಿಗನ್‌ವರೆಗೆ ನೆಲೆಸಿರುವ ನಮ್ಮ ಕನ್ನಡಿಗರ ಹರಟೆಯಲ್ಲಂತೂ ಇದರ ಬಗ್ಗೆ ವಾದವೇ ಇಲ್ಲ. ಎಲ್ಲರೂ ಒಪ್ಪಿ ಮುಗಿಸಿದ ವಿಷಯ.

ಒಪ್ಪಿ ಮುಗಿಸಿದ್ದು ಸುಳ್ಳನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿದೆ. ಆ ತಿಂಗಳುಗಳಲ್ಲಿ ಜಿಂಕೆ ರಸ್ತೆಗೆ ಬರುವುದು ಬೆದೆಯ ದೆಸೆಯಿಂದ. ಅಲ್ಲಿ ಅದು ಸಾಯುವುದು ನಮ್ಮ ವೇಗದಿಂದ, ನಮ್ಮ ಗಡಿಯಾರದಿಂದ, ಕಾಡಿನ ಅಂಚಿಗೆ ಹೋಗಿ ಮನೆ ಕಟ್ಟಿಕೊಂಡ ನಮ್ಮ ಆಸೆಯಿಂದ. ಬಿಲ್ಲುಗಾರನ ಕೈಯಲ್ಲಿ ಆಯುಧ ಕಾಣುತ್ತದೆ, ಫೋಟೊದಲ್ಲಿ ಅವನ ಮುಖ ಕಾಣುತ್ತದೆ; ಅದಕ್ಕೇ ಅವನು ಸಿಕ್ಕಿಬಿದ್ದ. ಸ್ಟಿಯರಿಂಗ್ ಹಿಡಿದವರು ಕೋಟ್ಯಂತರ ಮಂದಿ. ಅಷ್ಟು ಮಂದಿಯನ್ನು ಕಟಕಟೆಗೆ ತರುವವರು ಯಾರು?

ನಾನು ಮಾಂಸ ತಿನ್ನುವವನಲ್ಲ, ಬಿಲ್ಲು ಹಿಡಿದವನೂ ಅಲ್ಲ. ಬೇಟೆಗಾರರ ವಕಾಲತ್ತು ವಹಿಸುವ ದರ್ದು ನನಗಿಲ್ಲ. ನನ್ನ ತಕರಾರು ಲೆಕ್ಕದ ಬಗ್ಗೆ: ಯಾರ ಸಾಲವನ್ನು ಯಾರ ಹೆಸರಿಗೆ ಬರೆಯುತ್ತಿದ್ದೇವೆ ಎಂಬುದರ ಬಗ್ಗೆ.

ಮೊದಲು ಜಿಂಕೆಯ ಕಡೆಯಿಂದ ನೋಡೋಣ. ಅಮೆರಿಕದ ಪೂರ್ವಾರ್ಧದ ತುಂಬ ಇರುವುದು ಬಿಳಿಬಾಲದ ಜಿಂಕೆ. ಹಗಲು ಕುಗ್ಗುತ್ತ ಬಂದಂತೆ ಅದರ ಮೈಯೊಳಗಿನ ಹಾರ್ಮೋನುಗಳು ಏರುತ್ತವೆ. ಉತ್ತರದ ರಾಜ್ಯಗಳಲ್ಲಿ ನವೆಂಬರ್ ಮಧ್ಯದ ಹೊತ್ತಿಗೆ ಬೆದೆ ತಾರಕಕ್ಕೇರುತ್ತದೆ. ಬಸುರಿನ ಅವಧಿ ಸುಮಾರು 200 ದಿನ. ನವೆಂಬರಿನಲ್ಲಿ ಗಬ್ಬವಾದರೆ ಹಸಿರು ಉಕ್ಕುವ ಮೇ ಕೊನೆ, ಜೂನ್ ಮೊದಲಿಗೆ ಮರಿ ಬೀಳುತ್ತದೆ. ಹೀಗಾಗಿ ಆ ಕೆಲವು ವಾರ ಗಂಡಿಗೆ ಊಟ ನಿದ್ದೆ ಎರಡೂ ಬೇಡ. ಹೆಣ್ಣಿನ ವಾಸನೆ ಹಿಡಿದು ನೆಲಕ್ಕೆ ಮೂಗಿಟ್ಟುಕೊಂಡು ಮೈಲಿಗಟ್ಟಲೆ ಅಲೆಯುತ್ತದೆ. ಹೆಣ್ಣುಗಳು ಅದರಿಂದ ತಪ್ಪಿಸಿಕೊಂಡು ಓಡುತ್ತವೆ. ಅಮ್ಮನ ಬೆನ್ನಿಗೇ ಇದ್ದ ಮರಿಗಳು ಈ ಗಲಾಟೆಯಲ್ಲಿ ಒಂಟಿಯಾಗುತ್ತವೆ. ಒಂದು ವರ್ಷ ದಾಟಿದ ಗಂಡುಗಳು ಹುಟ್ಟಿದ ಜಾಗ ಬಿಟ್ಟು ಹೊಸ ನೆಲೆ ಹುಡುಕಿಕೊಂಡು ಹೊರಡುವುದೂ ಹೆಚ್ಚಾಗಿ ಇದೇ ಹೊತ್ತಿನಲ್ಲಿ. ಹಿಂಡಿಗೆ ಹಿಂಡೇ ಹೀಗೆ ಅಲೆಯುತ್ತಿರುವಾಗ, ಎರಡು ಮೈಲಿಗೊಂದು ಡಾಂಬರು ರಸ್ತೆ ಇರುವ ನಾಡಿನಲ್ಲಿ, ಜಿಂಕೆ ರಸ್ತೆ ದಾಟದೆ ಇನ್ನೆಲ್ಲಿ ಹೋದೀತು?

ಸರಿ, ಬೆದೆಗಾಲವೂ ಬಿಲ್ಲುಬೇಟೆಯ ಕಾಲವೂ ಒಂದರ ಮೇಲೊಂದು ಕೂತಿವೆ; ಇದರಲ್ಲಿ ಯಾವುದು ಕಾರಣ, ಯಾವುದು ಕಾಕತಾಳೀಯ ಎಂದು ಬಿಡಿಸುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಜಾರ್ಜಿಯಾ ರಾಜ್ಯದಲ್ಲಿದೆ. ಅಲ್ಲಿ ಬಿಲ್ಲುಬೇಟೆ ಸೆಪ್ಟೆಂಬರಿನಲ್ಲಿ ಇಡೀ ರಾಜ್ಯಕ್ಕೆ ಒಂದೇ ದಿನ ತೆರೆಯುತ್ತದೆ. ಬೆದೆ ಮಾತ್ರ ಜಿಲ್ಲೆಯಿಂದ ಜಿಲ್ಲೆಗೆ ಬೇರೆ: ಕರಾವಳಿಯಲ್ಲಿ ಅಕ್ಟೋಬರ್, ನೈರುತ್ಯದ ಮೂಲೆಯಲ್ಲಿ ಡಿಸೆಂಬರ್ ಹತ್ತಿರ. ಅಲ್ಲಿನ ಸಂಶೋಧಕರು ಜಿಲ್ಲಾವಾರು ಡಿಕ್ಕಿಯ ದಾಖಲೆಗಳನ್ನು ಗರ್ಭ ನಿಂತ ದಿನಗಳ ಪಕ್ಕದಲ್ಲಿಟ್ಟು ನೋಡಿದರು. ಬೆದೆ ಮುಂಚೆ ಬರುವಲ್ಲಿ ಡಿಕ್ಕಿಗಳು ಮುಂಚೆ ಏರಿದ್ದವು, ತಡವಾಗಿ ಬರುವಲ್ಲಿ ತಡವಾಗಿ. ಎಷ್ಟು ಕರಾರುವಾಕ್ಕು ಎಂದರೆ, ಯಾವ ಜಿಲ್ಲೆಯಲ್ಲಿ ಬೆದೆ ಯಾವಾಗ ಎಂಬ ನಕ್ಷೆಯನ್ನು ರಸ್ತೆ ಅಪಘಾತಗಳಿಂದಲೇ ಬರೆಯಬಹುದು ಎಂಬ ತೀರ್ಮಾನಕ್ಕೆ ಅವರು ಬಂದರು. ಬೇಟೆಗಾರ ಕಾರಣನಾಗಿದ್ದರೆ ಅವನು ಕಾಡಿಗಿಳಿದ ದಿನವೇ ರಾಜ್ಯದ ತುಂಬ ಒಟ್ಟಿಗೆ ಗೆರೆ ಏರಬೇಕಿತ್ತು. ಏರಲಿಲ್ಲ.

ಇನ್ನು ಗಡಿಯಾರ. ಬಹುತೇಕ ರಾಜ್ಯಗಳಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಗೆ ಬೇಟೆಯ ಹೊತ್ತು ಮುಗಿಯುತ್ತದೆ. ಆಮೇಲೆ ಬಾಣ ಬಿಟ್ಟರೆ ಅದು ಅಪರಾಧ, ಲೈಸೆನ್ಸ್ ಹೋಗುತ್ತದೆ, ದಂಡ ಬೀಳುತ್ತದೆ. ಡಿಕ್ಕಿಗಳು ಯಾವಾಗ ಆಗುತ್ತವೆ? 2022ರಲ್ಲಿ ‘ಕರೆಂಟ್ ಬಯಾಲಜಿ’ಯಲ್ಲಿ ಪ್ರಕಟವಾದ ಅಧ್ಯಯನವೊಂದು ಹಲವು ರಾಜ್ಯಗಳ ಅಪಘಾತ ದಾಖಲೆಗಳನ್ನು ಜರಡಿ ಹಿಡಿಯಿತು. ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚಿನದಕ್ಕೆ ಹೋಲಿಸಿದರೆ ಎರಡು ಗಂಟೆ ನಂತರ ಜಿಂಕೆ ಡಿಕ್ಕಿ 14 ಪಟ್ಟು ಹೆಚ್ಚು. ಅಂದರೆ ಜಿಂಕೆ ರಸ್ತೆಯಲ್ಲಿ ಸಾಯುವ ಹೊತ್ತಿಗೆ ಬಿಲ್ಲುಗಾರ ಮರದಿಂದಿಳಿದು, ಮನೆಗೆ ಹೋಗಿ, ಬೂಟು ಬಿಚ್ಚಿ ಊಟಕ್ಕೆ ಕೂತಿರುತ್ತಾನೆ. ಇದೇ ಅಧ್ಯಯನದ ಇನ್ನೊಂದು ಮಾತು ಇನ್ನೂ ಹರಿತ. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮುಂದಿನ ವಾರದಲ್ಲೇ ಜಿಂಕೆ ಡಿಕ್ಕಿ ನೂರಕ್ಕೆ 16ರಷ್ಟು ಏರುತ್ತದೆ. ಬೆಳಕಿನಲ್ಲಿ ಮನೆಗೆ ಮರಳುತ್ತಿದ್ದ ಆಫೀಸಿನವರೆಲ್ಲ ಒಂದೇ ರಾತ್ರಿಯಲ್ಲಿ ಕತ್ತಲಿನ ರಸ್ತೆಗೆ ಬೀಳುತ್ತಾರೆ. ಅದೂ ಬೆದೆ ತಾರಕಕ್ಕೇರುತ್ತಿರುವ ಹೊತ್ತಿನಲ್ಲಿ. ಗಡಿಯಾರ ತಿರುಗಿಸುವ ಈ ಪದ್ಧತಿಯನ್ನು ಬಿಟ್ಟು ವರ್ಷವಿಡೀ ಬೇಸಿಗೆಯ ವೇಳೆಯನ್ನೇ ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 36 ಸಾವಿರ ಜಿಂಕೆ, 33 ಮನುಷ್ಯರ ಜೀವ ಉಳಿಯುತ್ತದೆ ಎಂದು ಆ ಸಂಶೋಧಕರು ಅಂದಾಜು ಮಾಡಿದ್ದಾರೆ. ಬೇಟೆಗಾರನ ಮೇಲೆ ಹರಿಹಾಯುವ ಯಾವ ಟೀವಿ ನಿರೂಪಕನೂ ಗಡಿಯಾರದ ಮೇಲೆ ಹರಿಹಾಯ್ದದ್ದನ್ನು ನಾನು ಕೇಳಿಲ್ಲ. ಗಡಿಯಾರಕ್ಕೆ ಗಡ್ಡವಿಲ್ಲ, ಹಸಿರು ಜಾಕೀಟಿಲ್ಲ.

ನಮ್ಮವರು ಈ ಸುಳ್ಳನ್ನು ಬೇಗ ನಂಬುವುದಕ್ಕೆ ಇನ್ನೊಂದು ಕಾರಣವಿದೆ. ಬೇಟೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸೋವು: ಹತ್ತಾರು ಜನ ಹಳುವಿಗಿಳಿದು, ನಾಯಿ ಬಿಟ್ಟು, ಕೂಗು ಹಾಕಿ, ಪ್ರಾಣಿಯನ್ನು ಎಬ್ಬಿಸಿ ಕೋವಿಯವರ ಕಡೆಗೆ ಅಟ್ಟುವ ಬಗೆ. ಮಲೆನಾಡಿನ ಹಿರಿಯರು ಹೇಳಿದ ಕತೆಗಳಿಂದ ಬಂದ ಚಿತ್ರ ಅದು. ಸೋವಿನಲ್ಲಿ ಪ್ರಾಣಿ ದಿಕ್ಕೆಟ್ಟು ಓಡುವುದು ಖಂಡಿತ. ಆದರೆ ಅಮೆರಿಕದ ಬಿಲ್ಲುಬೇಟೆ ಬಹುಪಾಲು ಅದಕ್ಕೆ ತದ್ವಿರುದ್ಧ, ಅದು ಮರಸು. ಬೆಳಗು ಹರಿಯುವ ಮುಂಚೆ ಬಂದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಹದಿನೈದಿಪ್ಪತ್ತು ಅಡಿ ಎತ್ತರದ ಅಟ್ಟಣೆ ಹತ್ತಿ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಕೂರುತ್ತಾನೆ. ವಾಸನೆ ಬರಬಾರದೆಂದು ಬಟ್ಟೆಯನ್ನು ಬೇರೆ ಸೋಪಿನಲ್ಲಿ ಒಗೆದಿರುತ್ತಾನೆ. ಕೆಮ್ಮುವ ಹಾಗಿಲ್ಲ, ಕಾಲು ಜೋಮು ಹಿಡಿದರೂ ಅಲುಗುವ ಹಾಗಿಲ್ಲ. ಬಾಣ ನಾಟುವ ದೂರ ಇಪ್ಪತ್ತು ಮೂವತ್ತು ಗಜ. ಅಷ್ಟು ಹತ್ತಿರಕ್ಕೆ ಜಿಂಕೆ ತಾನಾಗಿ, ನಿಶ್ಚಿಂತೆಯಿಂದ ಬರಬೇಕು. ಬೆದರಿ ಓಡುವ ಜಿಂಕೆಗೆ ಬಿಲ್ಲು ಎತ್ತುವ ಮಾತೇ ಇಲ್ಲ. ದಿನಗಟ್ಟಲೆ ಕೂತು ಬರಿಗೈಯಲ್ಲಿ ಇಳಿಯುವುದೇ ಹೆಚ್ಚು. ಜಿಂಕೆಯನ್ನು ಓಡಿಸಿದ ಬಿಲ್ಲುಗಾರ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡ ಹಾಗೆ.

ಹಾಗಾದರೆ ಬೇಟೆಯಿಂದ ಜಿಂಕೆಯ ನಡೆ ಬದಲಾಗುವುದೇ ಇಲ್ಲವೇ? ಬದಲಾಗುತ್ತದೆ, ಆದರೆ ಜನ ಹೇಳುವ ದಿಕ್ಕಿನಲ್ಲಿ ಅಲ್ಲ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಜಿಂಕೆಗಳನ್ನು ಹಿಂಬಾಲಿಸಿದ ಅಧ್ಯಯನಗಳು ಪೆನ್ಸಿಲ್ವೇನಿಯಾದಲ್ಲಿ, ದಕ್ಷಿಣ ಕ್ಯಾರೊಲಿನಾದಲ್ಲಿ ನಡೆದಿವೆ. ಬೇಟೆಗಾರ ಕೂತು ಹೋದ ಮರದ ಸುತ್ತ ಜಿಂಕೆ ಕೆಲವು ದಿನ ಹಗಲು ಸುಳಿಯುವುದಿಲ್ಲ. ಕೋವಿ ಸದ್ದು ಶುರುವಾದರೆ ಮನುಷ್ಯ ಹತ್ತಲಾರದ ಕಡಿದು ಇಳಿಜಾರಿಗೋ ದಟ್ಟ ಪೊದೆಗೋ ಸೇರಿಕೊಳ್ಳುತ್ತದೆ. ತನ್ನ ನೆಲೆ ಬಿಟ್ಟು ಊರ ಕಡೆ ಪಲಾಯನ ಮಾಡುವುದು ಅದರ ಸ್ವಭಾವವಲ್ಲ. ತಾನು ಬಲ್ಲ ಒಂದೆರಡು ಮೈಲಿಯೊಳಗೇ ಅಡಗುವುದು ಸ್ವಭಾವ. ಬೆದರಿದ ಜಿಂಕೆ ಮನುಷ್ಯನಿಂದ ದೂರ ಹೋಗುತ್ತದೆ, ಮತ್ತು ಮನುಷ್ಯ ಹೆಚ್ಚಾಗಿ ಇರುವುದು ರಸ್ತೆಯಲ್ಲಿ.

ಇಲ್ಲಿಗೆ ವಾದದ ಮೊದಲ ಕಾಲು ಮುರಿಯಿತು. ಆಗ ಎದುರಾಳಿಗಳು ಎರಡನೆಯ ಕಾಲ ಮೇಲೆ ನಿಲ್ಲುತ್ತಾರೆ: ಕಾರಣವಾಗಲಿ ಬಿಡಲಿ, ಬಾಣ ಹೊಡೆಯುವುದೇ ಕ್ರೌರ್ಯ, ಕಾರಿನದು ಆಕಸ್ಮಿಕ, ಬಾಣದ್ದು ಉದ್ದೇಶಪೂರ್ವಕ.

ಬಾಣದ ಕ್ರೌರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಬ್ಲೇಡಿನಂಥ ತುದಿಯ ಬಾಣ ಎರಡೂ ಶ್ವಾಸಕೋಶ ಸೀಳಿ ಹೋದರೆ ಜಿಂಕೆ ನೂರು ಗಜದೊಳಗೆ ಬೀಳುತ್ತದೆ. ಕೆಲವೇ ಸೆಕೆಂಡುಗಳ ಮಾತು. ಹೊಟ್ಟೆಗೆ ತಗುಲಿದರೆ ಗಂಟೆಗಟ್ಟಲೆ ನರಳುತ್ತದೆ. ಮೇರಿಲ್ಯಾಂಡಿನ ಒಂದು ನೌಕಾನೆಲೆಯಲ್ಲಿ ಹದಿನೇಳು ಹದಿನೆಂಟು ವರ್ಷ ಇಟ್ಟ ಲೆಕ್ಕದ ಪ್ರಕಾರ, ಬಾಣ ತಗುಲಿದ ಜಿಂಕೆಗಳಲ್ಲಿ ನೂರಕ್ಕೆ ಸುಮಾರು 18 ಬೇಟೆಗಾರನ ಕೈಗೆ ಸಿಗದೆ ಹೋದವು. ಅವರೂ ಪರೀಕ್ಷೆ ಪಾಸಾದ ನುರಿತ ಬಿಲ್ಲುಗಾರರು. ಈ 18 ಸಣ್ಣ ಸಂಖ್ಯೆಯಲ್ಲ. ಬಿಲ್ಲುಬೇಟೆಯನ್ನು ವಿರೋಧಿಸುವವರಿಗೆ ಬೇಕಾದ ಪ್ರಾಮಾಣಿಕ ಆಯುಧ ಇದೇ, ರಸ್ತೆಯ ಹೆಣಗಳಲ್ಲ.

ಆದರೆ ಅದೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕಾರನ್ನಿಡಿ. ಸಿಗದೆ ಹೋದ ಜಿಂಕೆಯನ್ನು ಬಿಲ್ಲುಗಾರ ಹುಡುಕುತ್ತಾನೆ. ಅರ್ಧ ಗಂಟೆ ಕಾದು, ಎಲೆ ಮೇಲಿನ ರಕ್ತದ ಹನಿ ಹಿಡಿದು, ಟಾರ್ಚ್ ಹಾಕಿಕೊಂಡು ಮಧ್ಯರಾತ್ರಿಯವರೆಗೆ ಹುಡುಕುವವರಿದ್ದಾರೆ. ಕಾರು ಹೊಡೆದ ಜಿಂಕೆಯನ್ನು ಯಾರು ಹುಡುಕುತ್ತಾರೆ? ಹಿಂಗಾಲು ಮುರಿದ ಜಿಂಕೆ ಮುಂಗಾಲನ್ನು ನೆಲಕ್ಕೂರಿ ಏಳಲು ನೋಡುತ್ತದೆ, ಏಳುತ್ತದೆ, ಬೀಳುತ್ತದೆ, ಮತ್ತೆ ಏಳಲು ನೋಡುತ್ತದೆ. ಕಾರಿನವನು ಬಂಪರಿನ ಫೋಟೊ ತೆಗೆದುಕೊಂಡು ವಿಮೆಯವರಿಗೆ ಫೋನ್ ಮಾಡುತ್ತಿರುತ್ತಾನೆ. ಪೊಲೀಸನೊಬ್ಬ ಬಂದು, ಹಿಂದೆ ವಾಹನಗಳಿಲ್ಲವೆಂದು ನೋಡಿಕೊಂಡು, ಪಿಸ್ತೂಲಿನಿಂದ ಒಂದು ಗುಂಡು ಹೊಡೆದರೆ ಅದರ ಪುಣ್ಯ. ಎಷ್ಟೋ ಜಿಂಕೆಗಳು ಒಳಗೇ ನೆತ್ತರು ಸುರಿದುಕೊಂಡು ಪೊದೆ ಸೇರಿ ಸಾಯುತ್ತವೆ. ಅವು ಯಾವ ಲೆಕ್ಕದಲ್ಲೂ ಇಲ್ಲ.

ಲೆಕ್ಕಕ್ಕೆ ಸಿಕ್ಕಿದ್ದನ್ನಾದರೂ ನೋಡೋಣ. ಅಮೆರಿಕದಲ್ಲಿ ಬೇಟೆಗೆ ಬೀಳುವ ಜಿಂಕೆ ವರ್ಷಕ್ಕೆ ಸುಮಾರು 60 ಲಕ್ಷ. ಅದರಲ್ಲಿ ಬಿಲ್ಲಿನ ಪಾಲು ಕಾಲು ಭಾಗದ ಆಸುಪಾಸು. ವಾಹನಗಳು ಪ್ರಾಣಿಗಳಿಗೆ ಗುದ್ದಿ ವಿಮೆ ಕೇಳುವ ಪ್ರಕರಣಗಳು ವಿಮಾ ಕಂಪನಿ ಸ್ಟೇಟ್ ಫಾರ್ಮ್ ಅಂದಾಜಿನಂತೆ ವರ್ಷಕ್ಕೆ 18 ಲಕ್ಷದಷ್ಟು, ಬಹುಪಾಲು ಜಿಂಕೆಯವೇ. ಅಂದರೆ ಬಾಣಕ್ಕೂ ಬಂಪರಿಗೂ ಹೆಚ್ಚುಕಡಿಮೆ ಸರಿಸಮ. ಕಾರಿನ ಕಡೆ ಇನ್ನೂ ಒಂದು ಬಾಬ್ತಿದೆ: ಈ ಡಿಕ್ಕಿಗಳಲ್ಲಿ ವರ್ಷಕ್ಕೆ ಇನ್ನೂರರ ಹತ್ತಿರ ಮನುಷ್ಯರೂ ಸಾಯುತ್ತಾರೆ. ಮಿಶಿಗನ್ ಒಂದೇ ರಾಜ್ಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಪೊಲೀಸ್ ದಾಖಲೆಗೆ ಬಂದ ಜಿಂಕೆ ಡಿಕ್ಕಿಗಳು 50 ಸಾವಿರ ದಾಟಿವೆ. ವರ್ಷವರ್ಷವೂ ಇದೇ ತಿಂಗಳು, ಇದೇ ಹೊತ್ತು, ಇದೇ ರಸ್ತೆಗಳಲ್ಲಿ ನಡೆಯುವುದನ್ನು ಆಕಸ್ಮಿಕ ಎಂದು ಕರೆಯಲು ಎಷ್ಟು ಧೈರ್ಯ ಬೇಕು!

ಉದ್ದೇಶವಿಲ್ಲದ ಮೇಲೆ ಪಾಪವಿಲ್ಲ ಎಂಬ ಸಮಾಧಾನ ನಮ್ಮ ಶಾಕಾಹಾರಿ ಮನಸ್ಸಿಗೆ ಬಹಳ ಹಿತ. ಮಾಂಸದ ಅಂಗಡಿಯ ಮುಂದೆ ಮೂಗು ಮುಚ್ಚಿಕೊಳ್ಳುವವನ ಕಾರೂ ಗಂಟೆಗೆ ಅರವತ್ತು ಮೈಲಿಯಲ್ಲಿ ಅಷ್ಟೇ ಗಟ್ಟಿಯಾಗಿ ಗುದ್ದುತ್ತದೆ. ಪುರಾಣದ ಕಡೆಗೇ ತಿರುಗುವುದಾದರೆ ಪಾಂಡುವಿನ ಕತೆ ನೆನಪಿಸಿಕೊಳ್ಳಿ. ಬೆದೆಯಲ್ಲಿದ್ದ ಜಿಂಕೆಜೋಡಿಗೆ ಬಾಣ ಬಿಟ್ಟ. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ ಶಾಪ ಕೊಟ್ಟ. ರಾಜರು ಬೇಟೆಯಾಡುವುದು ರೂಢಿಯೇ ಅಲ್ಲವೇ ಎಂದು ಪಾಂಡು ವಾದಿಸಿದಾಗ ಆ ಋಷಿ, ನೀನು ಜಿಂಕೆ ಕೊಂದೆ ಎಂದು ನಿನ್ನನ್ನು ದೂಷಿಸುತ್ತಿಲ್ಲ, ಕೂಟದ ಹೊತ್ತಿನಲ್ಲಿ ಕಾಯದೆ ಕೊಂದೆಯಲ್ಲ ಎಂಬುದೇ ನನ್ನ ದೂರು ಎನ್ನುತ್ತಾನೆ. ಸಾಯುತ್ತಿರುವ ಜಿಂಕೆಗೂ ಇದ್ದ ಈ ವಿವೇಚನೆ ನಮ್ಮ ವಾದಗಳಿಗಿಲ್ಲ. ಯಾರು, ಯಾವಾಗ, ಹೇಗೆ ಕೊಂದರು ಎಂದು ಕೇಳುವುದು ಬಿಟ್ಟು ಕೈಯಲ್ಲಿ ಬಿಲ್ಲಿತ್ತೇ ಎಂದಷ್ಟೇ ಕೇಳುತ್ತೇವೆ. ಬೆದೆಯ ಹೊತ್ತಿನಲ್ಲಿ ಕಾಯದೆ ಕೊಲ್ಲುವುದರಲ್ಲಿ ಹೆದ್ದಾರಿಯನ್ನು ಮೀರಿಸುವವರಿಲ್ಲ.

ಮೂರನೆಯ ಕಾಲು: ಬೇಟೆ ನಿಲ್ಲಿಸಿ, ಪ್ರಕೃತಿ ತನ್ನ ಸಮತೋಲ ತಾನೇ ಕಂಡುಕೊಳ್ಳುತ್ತದೆ. ಎಲ್ಲಿಯ ಪ್ರಕೃತಿ? 1900ರ ಸುಮಾರಿಗೆ ಮಾರುಕಟ್ಟೆಗಾಗಿ ಕೊಂದೂ ಕೊಂದೂ ಅಮೆರಿಕದ ಬಿಳಿಬಾಲದ ಜಿಂಕೆ ಕೆಲವು ಲಕ್ಷಕ್ಕೆ ಇಳಿದಿತ್ತು. ಅದು ಬೇಟೆಯದೇ ಪಾಪ, ಅದನ್ನು ಯಾರೂ ಮುಚ್ಚಿಡಬೇಕಿಲ್ಲ. ಆಮೇಲೆ ಕಾನೂನು ಬಂತು, ಕಾಡುಜಿಂಕೆಯ ಮಾಂಸದ ಮಾರಾಟ ನಿಂತಿತು, ಬೇಟೆಗೆ ಋತು ಮತ್ತು ಮಿತಿ ಬಿತ್ತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಕೋವಿ, ತೋಟಾಗಳ ಮೇಲೆ, ಮುಂದೆ ಬಿಲ್ಲುಬಾಣಗಳ ಮೇಲೂ ತೆರಿಗೆ ಹಾಕಿ ಆ ದುಡ್ಡನ್ನು ವನ್ಯಜೀವಿಗಳಿಗೆ ಕೊಟ್ಟಿತು. ಇವತ್ತು ಜಿಂಕೆಗಳ ಸಂಖ್ಯೆ ಮೂರು ಕೋಟಿಯ ಹತ್ತಿರ. ಈ ನಡುವೆ ಪೂರ್ವದ ಬಹುತೇಕ ರಾಜ್ಯಗಳಲ್ಲಿ ತೋಳವನ್ನೂ ಬೆಟ್ಟಸಿಂಹವನ್ನೂ ನಿರ್ನಾಮ ಮಾಡಲಾಗಿತ್ತು. ತಿನ್ನುವವರಿಲ್ಲ, ತಿನ್ನಲು ಬೇಕಾದಷ್ಟಿದೆ: ಕಾಡಂಚಿನ ಬಡಾವಣೆಗಳ ಹೋಸ್ಟಾ, ಟ್ಯೂಲಿಪ್, ಗೊಬ್ಬರ ಹಾಕಿ ಬೆಳೆಸಿದ ಹುಲ್ಲುಹಾಸು. ಊರಿಂದ ಬೀಜ ತರಿಸಿ ಹಿತ್ತಿಲಲ್ಲಿ ಅವರೆ ಹಾಕಿದ ನಮ್ಮ ಅತ್ತಿಗೆಯಂದಿರಿಗೆ ಈ ಜಿಂಕೆಗಳ ಪರಿಚಯ ಚೆನ್ನಾಗಿದೆ. ಎಂಟಡಿ ಬಲೆ ಕಟ್ಟದವರ ಮನೆಯಲ್ಲಿ ಅವರೆ ಹುಳಿಯಾಗುವುದಿಲ್ಲ. ನಾವು ನೆಟ್ಟ ತೋಟವನ್ನು ಪ್ರಕೃತಿ ಎಂದು ಕರೆದು, ಅದರಲ್ಲಿ ಸಮತೋಲ ಹುಡುಕುತ್ತಿದ್ದೇವೆ.

ಬೇಟೆಯಿಲ್ಲದೆ ನಿಭಾಯಿಸಲು ಹೊರಟ ಊರುಗಳ ಅನುಭವವೂ ಇದೆ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿಗೆ ಜಿಂಕೆಗಳು ನ್ಯೂಜೆರ್ಸಿಯಿಂದ ಈಜಿ ಬಂದು ಬೆಳೆದವು. ನಗರದೊಳಗೆ ಬೇಟೆ ನಿಷಿದ್ಧವಾದ್ದರಿಂದ 2016ರಲ್ಲಿ ಗಂಡು ಜಿಂಕೆಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಶುರುಮಾಡಿದರು: ಅರಿವಳಿಕೆ ಬಾಣ ಹೊಡೆದು, ಸಾವಿರಕ್ಕೂ ಹೆಚ್ಚು ಜಿಂಕೆಗಳಿಗೆ, ಲಕ್ಷಾಂತರ ಡಾಲರ್ ಸುರಿದು. ದ್ವೀಪವಾದ್ದರಿಂದ ಒಂದಿಷ್ಟು ಫಲ ಸಿಕ್ಕಿತು; ನಾಲ್ಕೂ ಕಡೆ ಕಾಡಿರುವ ಊರಿಗೆ ಆ ಭಾಗ್ಯವಿಲ್ಲ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿ ಇನ್ನೊಂದು ದಾರಿ ಹಿಡಿಯಿತು. ನಮ್ಮವರು ದಂಡಿಯಾಗಿರುವ ಜಾಗ ಅದು. 1997ರಲ್ಲಿ ಜಿಂಕೆ ಡಿಕ್ಕಿಯಲ್ಲಿ ಒಬ್ಬ ಮಹಿಳೆ ತೀರಿಕೊಂಡ ಮೇಲೆ ಜಿಂಕೆ ನಿಯಂತ್ರಣ ಶುರುವಾಯಿತು. ಈಗ ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ಅಲ್ಲಿನ ಪಾರ್ಕುಗಳಲ್ಲಿ ಗುರಿಯ ಪರೀಕ್ಷೆ ಪಾಸಾದ ಬಿಲ್ಲುಗಾರರು ಮರವೇರಿ ಕೂರುತ್ತಾರೆ. ಕೆಳಗಿನ ಕಾಲುದಾರಿಯಲ್ಲಿ ವಾಕಿಂಗ್ ಹೋಗುವ ನಮ್ಮ ನಿವೃತ್ತ ಹಿರಿಯರಿಗೆ ತಲೆಯ ಮೇಲೊಬ್ಬ ಕೂತಿದ್ದಾನೆಂಬುದು ಗೊತ್ತೂ ಆಗುವುದಿಲ್ಲ. ಬಿಲ್ಲು ಬಡಾವಣೆಗೆ ಬಂದದ್ದು ರಕ್ತದಾಹದಿಂದಲ್ಲ. ಕೋವಿಯ ಗುಂಡು ದೂರ ಹೋಗುತ್ತದೆ, ಬಾಣ ಹೋಗುವುದಿಲ್ಲ ಎಂಬ ಸರಳ ಕಾರಣಕ್ಕೆ.

ಇನ್ನು ಮಾಧ್ಯಮ. 2015ರ ಜುಲೈಯಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ಬಿಲ್ಲುಬೇಟೆಗಾರನೊಬ್ಬ ಕೊಂದ. ಮೊದಲ ಬಾಣಕ್ಕೆ ಸಾಯದ ಸಿಂಹ ಗಂಟೆಗಟ್ಟಲೆ ನರಳಿ ಆಮೇಲೆ ಸತ್ತಿತು. ಅದು ಹೇಯ ಕೆಲಸ, ಸಿಟ್ಟು ನ್ಯಾಯವಾದದ್ದು. ಟೀವಿ ನಿರೂಪಕ ಜಿಮ್ಮಿ ಕಿಮ್ಮೆಲ್ ಕ್ಯಾಮೆರಾ ಮುಂದೆ ಗದ್ಗದಿತನಾದ. ಆ ಸಿಂಹಗಳನ್ನು ಅಧ್ಯಯನ ಮಾಡುತ್ತಿದ್ದ ಆಕ್ಸ್‌ಫರ್ಡ್ ತಂಡಕ್ಕೆ ಹತ್ತು ಲಕ್ಷ ಡಾಲರ್ ಮೀರಿ ದೇಣಿಗೆ ಬಂತು. ಅದೇ ಆಗಸ್ಟಿನಲ್ಲಿ ಜಿಂಬಾಬ್ವೆಯಿಂದ ಅಮೆರಿಕಕ್ಕೆ ಓದಲು ಬಂದಿದ್ದ ಗುಡ್‌ವೆಲ್ ನ್ಜೌ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದು, ಸಿಂಹದ ಭಯದಲ್ಲಿ ಬೆಳೆದ ತನ್ನ ಹಳ್ಳಿಯವರಿಗೆ ಈ ಅಳು ಅರ್ಥವಾಗದು ಎಂದ. ಆ ಲೇಖನವನ್ನು ಓದಿದವರಿದ್ದರು. ಅದರಿಂದ ಸುದ್ದಿಯ ಅಚ್ಚು ಬದಲಾಗಲಿಲ್ಲ. ಅಂದಿನಿಂದ ಬಿಲ್ಲು ಹಿಡಿದವನೆಂದರೆ ಸೆಸಿಲನ ಕೊಲೆಗಾರನ ತಮ್ಮ. ಕೋಟಿ ಮೀರಿದ ಬೇಟೆಗಾರರಲ್ಲಿ ಬಹುಪಾಲು ಜನ ಒಂದೆರಡು ಜಿಂಕೆ ಹೊಡೆದು ಫ್ರೀಜರಿಗೆ ತುಂಬಿಕೊಳ್ಳುವ ಮೆಕ್ಯಾನಿಕ್ಕು, ಮೇಷ್ಟ್ರು, ನರ್ಸುಗಳು. ಅವರು ಸುದ್ದಿಯಾಗುವುದಿಲ್ಲ. ತಲೆಗೆ ಬಾಣ ಚುಚ್ಚಿಕೊಂಡು ಊರೊಳಗೆ ತಿರುಗುವ ಜಿಂಕೆ ಕಂಡರೆ ರಾಷ್ಟ್ರೀಯ ಸುದ್ದಿ. ಅದೇ ದಿನ ಅದೇ ಊರಿನ ರಸ್ತೆಯಲ್ಲಿ ಸತ್ತ ಜಿಂಕೆ ಸಂಚಾರ ಸೂಚನೆ: ಬಲಗಡೆಯ ಲೇನ್ ಬಂದ್, ಹತ್ತು ನಿಮಿಷ ತಡ. ಒಂದು ಸಾವಿಗೆ ನೀತಿಪಾಠ, ಇನ್ನೊಂದಕ್ಕೆ ಟ್ರಾಫಿಕ್ ವರದಿ.

ಬೇಟೆಯ ಪರವಾದ ಮಾಧ್ಯಮವೂ ಸಾಚಾ ಅಲ್ಲ. ಸತ್ತ ಜಿಂಕೆಯ ಕೊಂಬು ಹಿಡಿದು ಹಲ್ಲು ಕಿರಿಯುವ ಫೋಟೊಗಳನ್ನು ರಾಶಿ ಹಾಕಿದ್ದು ಅವರೇ. ಬೇಟೆಯೊಂದೇ ರಸ್ತೆಯನ್ನು ಕಾಪಾಡುತ್ತದೆ ಎಂದು ಎದೆ ತಟ್ಟಿಕೊಳ್ಳುವವರೂ ಅವರೇ. ವಿಸ್ಕಾನ್ಸಿನ್ನಿನ ಅಧ್ಯಯನವೊಂದು 2021ರಲ್ಲಿ ಆ ಜಂಬವನ್ನೂ ಇಳಿಸಿತು. ತೋಳಗಳು ಮರಳಿ ನೆಲೆಸಿದ ಕೌಂಟಿಗಳಲ್ಲಿ ಜಿಂಕೆ ಡಿಕ್ಕಿ ನೂರಕ್ಕೆ 24ರಷ್ಟು ಇಳಿದಿತ್ತು. ತೋಳ ಜಿಂಕೆಗಳನ್ನು ತಿಂದದ್ದಕ್ಕಿಂತ, ರಸ್ತೆಯಂಥ ತೆರಪುಗಳಲ್ಲಿ ಓಡಾಡಿ ಅಲ್ಲಿಂದ ಜಿಂಕೆಗಳನ್ನು ದೂರವಿಟ್ಟದ್ದೇ ಅದಕ್ಕೆ ಮುಖ್ಯ ಕಾರಣವಿರಬೇಕು ಎಂದು ಸಂಶೋಧಕರು ಕಂಡರು. ಹಗಲು ಮಾತ್ರ, ಕೆಲವೇ ತಿಂಗಳು ಬರುವ ಬೇಟೆಗಾರನಿಂದ ಆ ಕೆಲಸ ಆಗದು. ಬೇಟೆ ಜಿಂಕೆಗಳ ಸಂಖ್ಯೆಯನ್ನು ಹಿಡಿತದಲ್ಲಿಡಬಹುದು, ರಸ್ತೆಯನ್ನು ಸರಿಪಡಿಸಲಾರದು.

ರಸ್ತೆಯನ್ನು ಸರಿಪಡಿಸುವುದು ಏನು ಎಂಬುದು ಗುಟ್ಟೇನಲ್ಲ. ಗಂಟೆಗೆ ಅರವತ್ತು ಮೈಲಿ ಓಡುವ ಕಾರು ಬ್ರೇಕ್ ಒತ್ತುವ ಯೋಚನೆ ಬಂದಲ್ಲಿಂದ ನಿಲ್ಲುವವರೆಗೆ ಸುಮಾರು 90 ಮೀಟರ್ ಹೋಗುತ್ತದೆ. ಡಿಮ್ ಹೆಡ್‌ಲೈಟು ಚೆನ್ನಾಗಿ ತೋರಿಸುವುದು 50–60 ಮೀಟರ್. ಕಂಡಾಗ ತಡವಾಗಿರುತ್ತದೆ ಎಂಬುದು ಗಣಿತದಲ್ಲೇ ಇದೆ. ಹಳದಿ ಫಲಕದ ಮೇಲೆ ಜಿಂಕೆ ಬರೆದು ವರ್ಷವಿಡೀ ನಿಲ್ಲಿಸಿದರೆ ಯಾರೂ ಅದನ್ನು ನೋಡುವುದಿಲ್ಲ. ಬೇಲಿ ಹಾಕಿ, ಬೇಲಿಯನ್ನು ಸೇತುವೆಗೋ ಕೆಳದಾರಿಗೋ ಸೇರಿಸಿದರೆ ಪ್ರಾಣಿ ಅಲ್ಲೇ ದಾಟುತ್ತದೆ. ಕೆನಡಾದ ಬ್ಯಾನ್ಫ್ ಹೆದ್ದಾರಿಯಲ್ಲಿ ಹೀಗೆ ಮಾಡಿ ಡಿಕ್ಕಿಗಳನ್ನು ನೂರಕ್ಕೆ 80ಕ್ಕಿಂತ ಹೆಚ್ಚು ತಗ್ಗಿಸಿದರು. ವಯೋಮಿಂಗಿನ ಟ್ರ್ಯಾಪರ್ಸ್ ಪಾಯಿಂಟ್‌ನಲ್ಲಿ 2012ರಲ್ಲಿ ಎರಡು ಮೇಲ್ಸೇತುವೆ, ಆರು ಕೆಳದಾರಿ ಕಟ್ಟಿದ ಮೇಲೆ ಅಲ್ಲಿಯೂ ಅದೇ ಫಲ. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಇಂಥವಕ್ಕೆ ಇಡೀ ದೇಶಕ್ಕೆ 35 ಕೋಟಿ ಡಾಲರ್ ಇಟ್ಟರು. ಜಿಂಕೆ ಡಿಕ್ಕಿಗಳ ರಿಪೇರಿಗೆ ವರ್ಷವರ್ಷ ಹೋಗುವ ನೂರಾರು ಕೋಟಿ ಡಾಲರುಗಳ ಎದುರು ಅದು ಚಿಲ್ಲರೆ.

ಇದೆಲ್ಲ ಅಮೆರಿಕದ ರಗಳೆ, ನಮಗೇನು ಎನ್ನುವವರಿಗೆ ಬಂಡೀಪುರವಿದೆ. ನಮ್ಮಲ್ಲಿ ಬೇಟೆ ನಿಂತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದೀಚೆಗೆ ಐವತ್ತು ವರ್ಷ ಕಳೆಯಿತು. ಬಂಡೀಪುರದಲ್ಲಿ ಕಾನೂನುಬದ್ಧ ಬಿಲ್ಲುಗಾರನೂ ಇಲ್ಲ, ಕೋವಿಯವನೂ ಇಲ್ಲ. ಆದರೂ ಮೈಸೂರಿನಿಂದ ಕೋಯಿಕ್ಕೋಡಿಗೆ, ಊಟಿಗೆ ಹೋಗುವ ಹೆದ್ದಾರಿಗಳಲ್ಲಿ ಚುಕ್ಕೆ ಜಿಂಕೆಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಲೇ ಇದ್ದವು. ಅದನ್ನು ತಡೆದದ್ದು 2009ರಲ್ಲಿ ಬಂದ, ಮರುವರ್ಷ ಹೈಕೋರ್ಟ್ ಎತ್ತಿಹಿಡಿದ ರಾತ್ರಿ ಸಂಚಾರ ನಿಷೇಧ: ರಾತ್ರಿ 9ರಿಂದ ಬೆಳಗಿನ 6ರವರೆಗೆ ಗೇಟು ಬಂದ್. ಬೇಟೆಗಾರನೇ ಇಲ್ಲದ ಕಾಡಿನಲ್ಲಿ ಜಿಂಕೆಯನ್ನು ರಸ್ತೆಯಲ್ಲಿ ಕೊಂದವರು ಯಾರು ಎಂಬ ಪ್ರಶ್ನೆಗೆ ಆ ಗೇಟೇ ಉತ್ತರ. ಆ ನಿಷೇಧ ತೆಗೆಯಿರಿ ಎಂಬ ಒತ್ತಾಯ ಇಂದಿಗೂ ನಿಂತಿಲ್ಲ. ಪಶುದಯೆಯ ಮಾತಾಡುವ ಎಷ್ಟೋ ಜನ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಕಾವಲುಗಾರನ ಜತೆ ಜಗಳ ತೆಗೆಯುತ್ತಾರೆ.

ಬಿಲ್ಲುಬೇಟೆ ತಪ್ಪೆನಿಸುವವರು ಅದನ್ನು ವಿರೋಧಿಸಲಿ. ಪ್ರಾಣ ತೆಗೆಯುವ ಹಕ್ಕು ಮನುಷ್ಯನಿಗಿದೆಯೇ ಎಂಬ ಪ್ರಶ್ನೆ ದೊಡ್ಡದು. ಗಾಯಗೊಂಡು ಕೈತಪ್ಪಿಹೋಗುವ ನೂರಕ್ಕೆ ಹದಿನೆಂಟು ಜಿಂಕೆಗಳ ಪ್ರಶ್ನೆಯೂ ದೊಡ್ಡದು. ಆ ವಾದಕ್ಕೆ ಸುಳ್ಳಿನ ಆಸರೆ ಬೇಡ. ಪತ್ರಕರ್ತರಿಗೂ ಒಂದು ಮಾತು: ಬರುವ ಅಕ್ಟೋಬರಿನಲ್ಲಿ ಜಿಂಕೆ ಡಿಕ್ಕಿಯ ಸುದ್ದಿ ಬರೆಯುವಾಗ ಬೇಟೆಯ ಫೋಟೊ ಹಾಕುವ ಮುಂಚೆ ನಾಲ್ಕು ವಿಷಯ ವಿಚಾರಿಸಿ. ಆ ರಸ್ತೆಯ ವೇಗಮಿತಿ ಎಷ್ಟು, ಆ ಜಾಗದಲ್ಲಿ ಹಿಂದೆ ಎಷ್ಟು ಸತ್ತಿವೆ, ಬೇಲಿಯಿದೆಯೇ, ಡಿಕ್ಕಿಯಾದದ್ದು ಎಷ್ಟು ಹೊತ್ತಿಗೆ. ಉತ್ತರ ಸಿಕ್ಕರೆ ಬೇಟೆಗಾರ ತಾನಾಗಿ ಸುದ್ದಿಯಿಂದ ಆಚೆ ಹೋಗುತ್ತಾನೆ. ನಮ್ಮ ಕನ್ನಡಿಗರು ಮಾಡಬಹುದಾದದ್ದು ಇನ್ನೂ ಸುಲಭ. ನವೆಂಬರಿನ ರಾತ್ರಿಗಳಲ್ಲಿ ಕಾಡಂಚಿನ ರಸ್ತೆಗೆ ವೇಗ ತಗ್ಗಿಸಿ ಎಂದು ಟೌನ್‌ಶಿಪ್ ಸಭೆಯಲ್ಲಿ ಎದ್ದುನಿಂತು ಕೇಳಲು ವೀಸಾ ಅಡ್ಡಬರುವುದಿಲ್ಲ. ಮನೆ ತಲುಪುವುದು ಹತ್ತು ನಿಮಿಷ ತಡವಾಗುತ್ತದೆಂದು ಆ ಸಭೆಗೆ ಹೋಗಲು ಹಿಂಜರಿಯುವವರು, ಬೇಟೆಗಾರನ ಮೇಲಿನ ಕೋಪವನ್ನೂ ಅಷ್ಟು ದಿನ ಮುಂದೂಡಲಿ.